ಇಳಿಯೋದಕ್ಕೆ ಎಷ್ಟು ಹೊತ್ತು ಬೇಕು?

(ಚಾರಣಕ್ಕೆ ಹೊಸಬರಾದ ಕೆಲವರ ಮುಂದೆ ಬೆಂಗಳೂರಿನಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕುಕ್ಕೆಯಿಂದ ಕುಮಾರ ಪರ್ವತ ಹತ್ತೋದಕ್ಕೆ ಎಷ್ಟು ಹೊತ್ತು ಬೇಕು ಅಂತ ಕೇಳಿದರೆ ಇಲ್ಲಿರುವ ಬಹಳ ಜನ ಆರು ಗಂಟೆ, ಏಳು ಗಂಟೆ ಅನ್ನುತ್ತೀರಿ. ಸರಿಯಾಗಿಯೇ ಇದೆ. ಹಾಗಾದರೆ ಇಳಿಯೋದಕ್ಕೆ? ಈಗ ಹಿಂದಿನ ಸಾಲಿನಿಂದ ಒಬ್ಬರು ಹೇಳಿದರಲ್ಲ, "ಅದರಲ್ಲಿ ಅರ್ಧ ಸಾಕು ಸಾರ್" ಅಂತ, ಇವತ್ತಿನ ಮಾತೆಲ್ಲ ಆ "ಅರ್ಧ"ದ ಮೇಲೆಯೇ. ಅದು ಎಲ್ಲಿಂದ ಬಂತೋ ಯಾರಿಗೂ ಗೊತ್ತಿಲ್ಲ, ಆದರೆ ಎಲ್ಲರ ಬಾಯಲ್ಲೂ ಇದೆ. ಬೆಟ್ಟದಲ್ಲಿ ಕತ್ತಲಾಗಿ ಒದ್ದಾಡುವವರಲ್ಲಿ ಬಹಳಷ್ಟು ಜನ ನಿಧಾನಕ್ಕೆ ಹತ್ತಿ ಸಿಕ್ಕಿಹಾಕಿಕೊಂಡವರಲ್ಲ. ಇಳಿಯೋದನ್ನು ಲೆಕ್ಕಕ್ಕೇ ಹಿಡಿಯದೆ ಸಿಕ್ಕಿಹಾಕಿಕೊಂಡವರು.

ನಡಿಗೆಯ ಹೊತ್ತು ಲೆಕ್ಕ ಹಾಕುವ ಸೂತ್ರಗಳಲ್ಲಿ ಹೆಚ್ಚು ಹೆಸರಾದದ್ದು ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಅವರದ್ದು. 1892ರಲ್ಲಿ ಅವರು ಕ್ರೂಅಖ್ ಆರ್ಡ್ರನ್, ಸ್ಟೋಬ್ ಬಿನಿಯನ್, ಬೆನ್ ಮೋರ್ ಅನ್ನುವ ಮೂರು ಬೆಟ್ಟಗಳನ್ನು ಒಂದೇ ದಿನದಲ್ಲಿ ನಡೆದು, ಅಲ್ಲಿನ ಪರ್ವತಾರೋಹಿಗಳ ಕ್ಲಬ್ಬಿನ ಪತ್ರಿಕೆಗೆ ಒಂದು ಪುಟ್ಟ ಟಿಪ್ಪಣಿ ಬರೆದರು. 10 ಮೈಲಿ ದಾರಿ, 6,300 ಅಡಿ ಏರು, ಒಟ್ಟು ಆರೂವರೆ ಗಂಟೆ. ಅದರ ಜೊತೆಗೇ ಸುಮ್ನೆ ಒಂದು ಸಾಲು ಸೇರಿಸಿದರು: ಪ್ರತಿ 3 ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಈಗಿನ ಅಳತೆಯಲ್ಲಿ ಹೆಚ್ಚುಕಡಿಮೆ 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಒಂದು ಗಂಟೆ. ನೂರಮೂವತ್ತು ವರ್ಷ ದಾಟಿದರೂ ಜನ ಇದನ್ನೇ ಹಿಡಿದುಕೊಂಡಿದ್ದಾರೆ.

ಇದರಲ್ಲಿ ಇಳಿಜಾರಿನ ಮಾತೇ ಇಲ್ಲ, ಗಮನಿಸಿದಿರಾ? ನೇಸ್ಮಿತ್ ಲೆಕ್ಕದಲ್ಲಿ ಬೆಟ್ಟ ಇಳಿಯೋದೂ ಒಂದೇ, ಬಯಲಲ್ಲಿ ನಡೆಯೋದೂ ಒಂದೇ. ಅವರು ಗಟ್ಟಿ ಆಳು, ಬೆಟ್ಟದಲ್ಲೇ ಪಳಗಿದವರು. ಅವರ ಕಾಲಿಗೆ ಅದು ಸರಿಹೋಗಿರಬಹುದು. ವಾರವಿಡೀ ಕುರ್ಚಿಯಲ್ಲಿ ಕೂತು ಶುಕ್ರವಾರ ರಾತ್ರಿ ಬಸ್ ಹತ್ತುವ ನಮ್ಮ ಕಾಲಿಗೆ?

ಕುಮಾರ ಪರ್ವತಕ್ಕೇ ಹಾಕಿ ನೋಡೋಣ. ತುದಿ 1,712 ಮೀಟರ್, ಕುಕ್ಕೆ ಸುಬ್ರಹ್ಮಣ್ಯ ಸುಮಾರು 120 ಮೀಟರ್. ಅಂದರೆ ಹತ್ತಿರಹತ್ತಿರ 1,600 ಮೀಟರ್ ಏರು. ದಾರಿ ಒಂದು ಕಡೆಗೆ 12-13 ಕಿಲೋಮೀಟರ್ ಅಂತಾರೆ, ಲೆಕ್ಕಕ್ಕೆ 12 ಇಟ್ಟುಕೊಳ್ಳೋಣ. ನೇಸ್ಮಿತ್ ಪ್ರಕಾರ ಹತ್ತೋದಕ್ಕೆ 5 ಗಂಟೆ 4 ನಿಮಿಷ. ಇಳಿಯೋದಕ್ಕೆ 2 ಗಂಟೆ 24 ನಿಮಿಷ. ಆ ದಾರಿಯಲ್ಲಿ ಹೋಗಿಬಂದವರು ಯಾರಾದರೂ ಇಲ್ಲಿದ್ದರೆ ಈಗ ನಗುತ್ತಿರಬೇಕು.

ಇದನ್ನು ಸರಿಮಾಡಲು ಎರಿಕ್ ಲ್ಯಾಂಗ್ಮ್ಯೂರ್ ಅನ್ನುವ ಬ್ರಿಟಿಷ್ ತರಬೇತುದಾರರು ಒಂದು ತಿದ್ದುಪಡಿ ಕೊಟ್ಟರು. ಇಳಿಜಾರು 5ರಿಂದ 12 ಡಿಗ್ರಿ ಇದ್ದರೆ ಪ್ರತಿ 300 ಮೀಟರ್ ಇಳಿತಕ್ಕೆ 10 ನಿಮಿಷ ಕಳೆಯಿರಿ, 12 ಡಿಗ್ರಿಗಿಂತ ಕಡಿದಾಗಿದ್ದರೆ 10 ನಿಮಿಷ ಕೂಡಿಸಿ. ಇದರ ಹಿಂದಿರುವ ಯೋಚನೆ ಒಳ್ಳೆಯದು. ಹಗೂರ ಇಳಿಜಾರು ನಮ್ಮನ್ನು ಮುಂದಕ್ಕೆ ತಳ್ಳುತ್ತದೆ, ಕಡಿದು ಇಳಿಜಾರು ತಡೆಯುತ್ತದೆ. ಆದರೆ ಒಟ್ಟು ದಾರಿಯ ಸರಾಸರಿ ತೆಗೆದು ಇದಕ್ಕೆ ಹಾಕಿದರೆ ಕೆಟ್ಟಿತು. 12 ಕಿಲೋಮೀಟರಿಗೆ 1,600 ಮೀಟರ್ ಅಂದರೆ ಸರಾಸರಿ ಏಳೂವರೆ ಡಿಗ್ರಿ. ಹಾಗಾಗಿ ಕಳೆಯಬೇಕು, ಉತ್ತರ ಒಂದೂವರೆ ಗಂಟೆ! ಓಡಿದರೂ ಆಗದ ಮಾತು. ಆ ದಾರಿಯಲ್ಲಿ ಸರಾಸರಿ ಇಳಿಜಾರು ಅನ್ನೋದು ಎಲ್ಲೂ ಸಿಗೋದಿಲ್ಲ. ಕಾಡಿನೊಳಗೆ ಬೇರು, ಕಲ್ಲು ತುಂಬಿದ ಕಡಿದು ದಾರಿ. ಗಿರಿಗದ್ದೆಯ ಹತ್ತಿರ ಸ್ವಲ್ಪ ಸಲೀಸು. ಆಮೇಲೆ ಹುಲ್ಲುಬೆಟ್ಟದ ನೇರ ಏರು. ಶೇಷಪರ್ವತ ಮುಗಿದ ಮೇಲೆ ಒಂದಿಷ್ಟು ಇಳಿದು ಮತ್ತೆ ಹತ್ತಬೇಕು, ಅಂದರೆ ವಾಪಸ್ ಬರುವಾಗಲೂ ಅಲ್ಲೊಂದು ಹತ್ತೋದು ಕಾದಿರುತ್ತದೆ. ಲ್ಯಾಂಗ್ಮ್ಯೂರ್ ಲೆಕ್ಕವನ್ನು ದಾರಿಯ ತುಂಡು ತುಂಡಿಗೆ ಹಾಕಬೇಕು, ಇಡೀ ಬೆಟ್ಟಕ್ಕೆ ಒಂದೇ ಸಲ ಹಾಕಬಾರದು. ಅಷ್ಟು ತಾಳ್ಮೆ ಯಾರಿಗಿದೆ ಅಲ್ವಾ?

ನನಗೆ ನಮ್ಮ ಘಟ್ಟಗಳಿಗೆ ಹತ್ತಿರ ಅನ್ನಿಸಿದ್ದು ಜರ್ಮನಿಯ ಕಡೆ ದಾರಿಫಲಕ ಬರೆಯುವಾಗ ಬಳಸುವ ಲೆಕ್ಕ. ಗಂಟೆಗೆ 4 ಕಿಲೋಮೀಟರ್ ನಡಿಗೆ, 300 ಮೀಟರ್ ಏರು, 500 ಮೀಟರ್ ಇಳಿತ. ದೂರಕ್ಕೆ ಎಷ್ಟು ಹೊತ್ತು, ಎತ್ತರಕ್ಕೆ ಎಷ್ಟು ಹೊತ್ತು ಅಂತ ಬೇರೆ ಬೇರೆ ತೆಗೆಯಿರಿ. ಎರಡರಲ್ಲಿ ದೊಡ್ಡದಕ್ಕೆ ಚಿಕ್ಕದರ ಅರ್ಧ ಕೂಡಿಸಿ. ಅಷ್ಟೇ. ಕುಮಾರ ಪರ್ವತಕ್ಕೆ ಹತ್ತುವಾಗ ಎತ್ತರದ ಹೊತ್ತು 5 ಗಂಟೆ 20 ನಿಮಿಷ, ದೂರದ ಹೊತ್ತು 3 ಗಂಟೆ. ಒಟ್ಟು 6 ಗಂಟೆ 50 ನಿಮಿಷ. ಇಳಿಯುವಾಗ ಎತ್ತರದ್ದು 3 ಗಂಟೆ 12 ನಿಮಿಷ, ಅದಕ್ಕೆ ಒಂದೂವರೆ ಗಂಟೆ ಸೇರಿಸಿದರೆ 4 ಗಂಟೆ 42 ನಿಮಿಷ. ಹೋಗಿಬಂದವರ ಬಾಯಲ್ಲಿ ಕೇಳುವ ಅಂಕಿಗಳೂ ಇದರ ಆಸುಪಾಸಿನಲ್ಲೇ ಇರುತ್ತವೆ. ಕೂತು ತಿಂದ ಹೊತ್ತು, ಫೋಟೋ ತೆಗೆದ ಹೊತ್ತು ಇದರಲ್ಲಿ ಸೇರಿಲ್ಲ.

ಈಗ ಇನ್ನೊಂದು ಸೂತ್ರ ನೋಡಿ, ಇದರಲ್ಲಿ ಒಂದು ಮಜಾ ಇದೆ. ವಾಲ್ಡೋ ಟೋಬ್ಲರ್ ಅನ್ನುವ ಅಮೆರಿಕದ ಭೂಗೋಳ ತಜ್ಞರು 1993ರಲ್ಲಿ, ಸ್ವಿಟ್ಜರ್ಲೆಂಡಿನ ನಕ್ಷೆಕಾರ ಎಡ್ವರ್ಡ್ ಇಮ್ಹೋಫ್ ಅವರ ಅಂಕಿಗಳನ್ನು ಇಟ್ಟುಕೊಂಡು, ಇಳಿಜಾರಿಗೂ ನಡಿಗೆಯ ವೇಗಕ್ಕೂ ಒಂದು ಸಂಬಂಧ ಬರೆದರು. ಅವರ ಪ್ರಕಾರ ಮನುಷ್ಯ ಅತಿ ಜೋರಾಗಿ ನಡೆಯೋದು ಸಮತಟ್ಟಿನಲ್ಲಲ್ಲ, ಸುಮಾರು 3 ಡಿಗ್ರಿ ಹಗೂರ ಇಳಿಜಾರಿನಲ್ಲಿ, ಗಂಟೆಗೆ 6 ಕಿಲೋಮೀಟರ್. ಅಲ್ಲಿಂದ ಆಚೆ ಕಡಿದಾದಷ್ಟೂ ವೇಗ ಬಿದ್ದುಹೋಗುತ್ತದೆ, ಹತ್ತಿದರೂ ಸರಿ, ಇಳಿದರೂ ಸರಿ. 10 ಮೀಟರ್ ದೂರಕ್ಕೆ 3 ಮೀಟರ್ ಇಳಿಯುವ ದಾರಿಯಲ್ಲಿ ಗಂಟೆಗೆ ಎರಡೂವರೆ ಕಿಲೋಮೀಟರ್ ಅಷ್ಟೇ. ಅದೇ ದಾರಿ ಹತ್ತುವಾಗ ಒಂದೂ ಮುಕ್ಕಾಲು. ಇವೆರಡನ್ನೂ ಭಾಗಿಸಿ ನೋಡಿ, ಇಳಿಯುವ ಹೊತ್ತು ಹತ್ತುವ ಹೊತ್ತಿನ ನೂರಕ್ಕೆ 70. ಈಗ ಜರ್ಮನಿಯ ಲೆಕ್ಕಕ್ಕೆ ವಾಪಸ್ ಬನ್ನಿ. 6 ಗಂಟೆ 50 ನಿಮಿಷಕ್ಕೆ 4 ಗಂಟೆ 42 ನಿಮಿಷ, ಅದು ನೂರಕ್ಕೆ 69. ಒಂದು ದಾರಿಫಲಕಕ್ಕೆ ಹಾಕಿದ ಕೂಡುಲೆಕ್ಕ, ಇನ್ನೊಂದು ನಕ್ಷೆಯವರ ಗಣಿತ, ಎರಡೂ ಬಂದು ನಿಂತದ್ದು ಒಂದೇ ಕಡೆ. ಹಳಬರ ಭಾಷೆಯಲ್ಲಿ ಹೇಳೋದಾದರೆ ರೂಪಾಯಿಗೆ ಹನ್ನೊಂದಾಣೆ. ಎಂಟಾಣೆ ಅಲ್ಲ.

ಮೂರಾಣೆ ವ್ಯತ್ಯಾಸಕ್ಕೆ ಇಷ್ಟೊಂದು ಮಾತೇ ಅಂತ ಅನ್ನಿಸಬಹುದು. ಡಿಸೆಂಬರ್ ತಿಂಗಳನ್ನು ತೆಗೆದುಕೊಳ್ಳಿ. ಆ ಕಡೆ ಸೂರ್ಯ ಹುಟ್ಟೋದು ಸುಮಾರು 6.45ಕ್ಕೆ, ಮುಳುಗೋದು 6 ದಾಟಿದ ಹಾಗೆ. ಬೆಳಕಾದ ಕೂಡಲೇ ಕುಕ್ಕೆ ಬಿಟ್ಟಿರಿ ಅನ್ನೋಣ. ಹತ್ತೋದು 6 ಗಂಟೆ 50 ನಿಮಿಷ, ತುದಿಯಲ್ಲಿ ಒಂದು ಗಂಟೆ, ಇಳಿಯೋದು "ಅರ್ಧ". ಸಂಜೆ ಸರಿಯಾಗಿ 6ಕ್ಕೆ ಕೆಳಗೆ! ಹಾಳೆಯ ಮೇಲೆ ಎಷ್ಟು ಚೆನ್ನಾಗಿ ಕೂತಿತು ನೋಡಿ. ಹನ್ನೊಂದಾಣೆ ಲೆಕ್ಕ ಹಾಕಿದರೆ 7.17. ಕೊನೆಯ ಒಂದು ಗಂಟೆ ಕತ್ತಲಲ್ಲಿ. ಆ ಕೊನೆಯ ಗಂಟೆಯ ದಾರಿ ಯಾವುದು? ಕುಕ್ಕೆ ಮೇಲಿನ ದಟ್ಟ ಕಾಡು, ಐದೂವರೆಗೇ ಮಬ್ಬಾಗುವ ಜಾಗ, ಕಾಲಡಿಯಲ್ಲಿ ಬೇರು, ತರಗೆಲೆ, ಆನೆ ಓಡಾಡುವ ಹೊತ್ತು. ಬೆಳಗ್ಗೆ ಕಾಲು ಹಗುರವಿದ್ದಾಗ ಹರಟೆ ಹೊಡೆಯುತ್ತಾ ಹತ್ತಿದ್ದು ಕೂಡ ಅದೇ ದಾರಿಯನ್ನೇ.

ಇಲ್ಲೊಂದು ವಿಷಯ ಸೇರಿಸಬೇಕು. ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಜೂನ್ ತಿಂಗಳಲ್ಲಿ ರಾತ್ರಿ 10 ದಾಟಿದ ಮೇಲೆ ಸೂರ್ಯ ಮುಳುಗುತ್ತಾನೆ, ಆಮೇಲೂ ಗಂಟೆಗಟ್ಟಲೆ ಮಂದ ಬೆಳಕು ಇರುತ್ತದೆ. ಚಳಿಗಾಲದಲ್ಲಿ ಪೂರ್ತಿ ಉಲ್ಟಾ, ನಾಲ್ಕಕ್ಕೂ ಮುಂಚೆ ಮುಳುಗಿಬಿಡುತ್ತಾನೆ, ಅದು ಅಲ್ಲಿಯವರಿಗೆ ಗೊತ್ತು. ನಮ್ಮಲ್ಲಿ ವರ್ಷವಿಡೀ ಮುಸ್ಸಂಜೆ ಅನ್ನೋದು 20-25 ನಿಮಿಷದ ಆಟ. ಸೂರ್ಯ ಮುಳುಗಿದ, ಇನ್ನೂ ಬೆಳಕಿದೆ ಅಂತ ನೋಡುತ್ತಿದ್ದ ಹಾಗೇ ಕತ್ತಲು. ಹಾಗಾಗಿ ಲೆಕ್ಕವನ್ನು ಬೆಳಗ್ಗಿನಿಂದ ಶುರುಮಾಡಬೇಡಿ. ಸಂಜೆಯಿಂದ ಹಿಂದಕ್ಕೆ ಎಣಿಸಿ. ಐದೂವರೆಗೆ ಕೆಳಗಿರಬೇಕು, ಇಳಿಯೋದಕ್ಕೆ 4 ಗಂಟೆ 42 ನಿಮಿಷ, ನಡುವೆ ಅರ್ಧ ಗಂಟೆ ವಿಶ್ರಾಂತಿ. ಅಂದರೆ ಹನ್ನೆರಡೂ ಕಾಲಿಗೆ ತುದಿ ಬಿಟ್ಟಿರಬೇಕು. ಬೆಳಕಲ್ಲಿ ಹೊರಟವರು ತುದಿ ಮುಟ್ಟೋದೇ ಒಂದೂವರೆಗೆ! ಅದಕ್ಕೇ ಮೊದಲಿನಿಂದ ಜನ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಉಳಿದು ಎರಡು ದಿನ ಮಾಡಿಕೊಂಡು ಬಂದಿದ್ದು. (ತುದಿಯಲ್ಲಿ ಟೆಂಟ್ ಹಾಕುವಂತಿಲ್ಲ. ಉಳಿದ ನಿಯಮಗಳು ಬದಲಾಗುತ್ತಾ ಇರುತ್ತವೆ. ಹೊರಡುವ ಮುಂಚೆ ಅರಣ್ಯ ಇಲಾಖೆಯ ಈಗಿನ ನಿಯಮ ನೋಡಿಕೊಳ್ಳಿ.)

ಸೋಮವಾರಪೇಟೆ ಕಡೆಯಿಂದ ಹತ್ತಿ ಕುಕ್ಕೆಗೆ ಇಳಿಯುವ ಯೋಚನೆ ಇನ್ನೊಂದು ಬಲೆ. ಆ ಕಡೆ ಊರೇ ಎತ್ತರದಲ್ಲಿದೆ, ಹತ್ತೋದು ಕಡಿಮೆ, ಸುಲಭದ ದಾರಿ ಅನ್ನುತ್ತಾರೆ. ಹತ್ತೋದು ಸುಲಭ, ನಿಜ. ಇಳಿಯೋದು? ಪೂರ್ತಿ 1,600 ಮೀಟರ್, ಒಂದಿಂಚೂ ಕಡಿಮೆ ಇಲ್ಲ. ದಾರಿ ಆರಿಸುವಾಗ ನಾವು ಎಷ್ಟು ಹತ್ತಬೇಕು ಅಂತ ಮಾತ್ರ ಕೇಳುತ್ತೇವೆ, ಎಷ್ಟು ಇಳಿಯಬೇಕು ಅಂತ ಯಾರೂ ಕೇಳೋದಿಲ್ಲ.

ಹೊತ್ತಿನ ಮಾತು ಸಾಕು. ಇಳಿಯುವಾಗ ಮೈಗೆ ಏನಾಗುತ್ತದೆ ಅನ್ನೋದಕ್ಕೆ ಬರೋಣ.

ಹತ್ತುವಾಗ ದಮ್ಮು ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ದೇಹ ನಿಲ್ಲು ಅನ್ನುತ್ತದೆ, ನಿಲ್ಲುತ್ತೇವೆ. ಇಳಿಯುವಾಗ ದಮ್ಮೇ ಇಲ್ಲ. ಹಗೂರ ಇಳಿಜಾರಿನಲ್ಲಿ ನಡೆಯಲು ಸಮತಟ್ಟಿಗಿಂತಲೂ ಕಡಿಮೆ ಶಕ್ತಿ ಸಾಕು. ಅದಕ್ಕೇ ಆರಾಮಾಗಿದೆ ಅನ್ನಿಸುತ್ತದೆ. ಕೆಲಸ ಬೇರೆ ಕಡೆ ನಡೆಯುತ್ತಿರುತ್ತದೆ. ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಮೈಭಾರವನ್ನು ತಡೆದು ನಿಲ್ಲಿಸಬೇಕು, ಅದೂ ತಾನು ಉದ್ದಕ್ಕೆ ಎಳೆಸಿಕೊಳ್ಳುತ್ತಲೇ. ಚಾರ್ಮಾಡಿ ಘಾಟಿ ಇಳಿಯುವ ಬಸ್ಸಿನ ಬ್ರೇಕ್ ಇದ್ದ ಹಾಗೆ, ಇಂಜಿನ್ನಿಗೆ ಕೆಲಸ ಇಲ್ಲ, ಲೈನರ್ ಸುಡುತ್ತಿರುತ್ತದೆ. ಹೀಗೆ ಎಳೆಸಿಕೊಂಡು ದುಡಿದ ಸ್ನಾಯುವಿನ ಎಳೆಗಳಿಗೆ ಸಣ್ಣಸಣ್ಣ ಪೆಟ್ಟು ಬೀಳುತ್ತದೆ. ನೋವು ಕಾಣಿಸೋದು ಮಾರನೆಯ ದಿನ, ಅದರ ಮಾರನೆಯ ದಿನ. ಶಕ್ತಿ ಕುಂದೋದು ಮಾತ್ರ ಅಲ್ಲೇ, ಬೆಟ್ಟದ ಮೇಲೇ. ನಿಂತಾಗ ಮೊಣಕಾಲು ತನ್ನಷ್ಟಕ್ಕೆ ನಡುಗಲು ಶುರುವಾದರೆ ಬ್ರೇಕ್ ಸವೆದಿದೆ ಅಂತ ಲೆಕ್ಕ. ಅದಾದ ಮೇಲೆ ಹೆಜ್ಜೆ ಇಡುವಲ್ಲಿ ಇಡೋದಿಲ್ಲ, ಬೀಳುವಲ್ಲಿ ಬೀಳುತ್ತದೆ.

ಆಸ್ಟ್ರಿಯಾದ ಆಲ್ಪ್ಸ್‌ನಲ್ಲಿ ನಡಿಗೆಯವರು ಬಿದ್ದ ಅಪಘಾತಗಳನ್ನು ಒಟ್ಟುಗೂಡಿಸಿ ನೋಡಿದಾಗ ಸುಮಾರು ಮುಕ್ಕಾಲು ಪಾಲು ಆಗಿದ್ದು ಇಳಿಯುವಾಗಲೇ. ದೊಡ್ಡ ಪರ್ವತಗಳ ಕಥೆಯೂ ಇದೇ. 1865ರ ಜುಲೈ 14ರಂದು ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಸಲ ಮುಟ್ಟಿದ ಏಳು ಜನರಲ್ಲಿ ನಾಲ್ವರು ಸತ್ತಿದ್ದು ಗೆದ್ದು ಕೆಳಗಿಳಿಯುವಾಗ.

ಇದಕ್ಕೆ ಮದ್ದು ಇದೆ, ಆದರೆ ಯಾರೂ ಮಾಡೋದಿಲ್ಲ. ಟ್ರೆಕ್‌ಗೆ ಮುಂಚೆ ಎಲ್ಲರೂ ಮೆಟ್ಟಿಲು ಹತ್ತಿ ತಯಾರಾಗುತ್ತಾರೆ, ಇಳಿಯಲು ಲಿಫ್ಟ್! ಉಲ್ಟಾ ಮಾಡಿ. ಇಳಿಯುವ ಕೆಲಸಕ್ಕೆ ಸ್ನಾಯು ಒಂದು ಸಲ ಮೈಯೊಡ್ಡಿದರೆ ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ಪೆಟ್ಟು ತಿನ್ನೋದಿಲ್ಲ. ಒಂದೆರಡು ವಾರ ಮುಂಚೆ ಮೈಸೂರಿಗೆ ಹೋಗಿ ಚಾಮುಂಡಿ ಬೆಟ್ಟದ 1,008 ಮೆಟ್ಟಿಲು ಹತ್ತಿ, ಬಸ್ ಹಿಡಿಯದೆ ಅದೇ ಮೆಟ್ಟಿಲು ಇಳಿದು ಬನ್ನಿ. ಹತ್ತುವಾಗ ಗಡಿಯಾರವನ್ನೂ ನೋಡಿಕೊಳ್ಳಿ. ಫಿಲಿಪ್ ಟ್ರಾಂಟರ್ ಅನ್ನುವ ಸ್ಕಾಟಿಷ್ ಪರ್ವತಾರೋಹಿ, ನೇಸ್ಮಿತ್ ಲೆಕ್ಕವನ್ನು ಅವರವರ ತಾಕತ್ತಿಗೆ ಹೊಂದಿಸಲು ಒಂದು ಪಟ್ಟಿ ಮಾಡಿದ್ದರು. 800 ಮೀಟರ್ ದೂರದಲ್ಲಿ 300 ಮೀಟರ್ ಎತ್ತರ ಹತ್ತಲು ಎಷ್ಟು ನಿಮಿಷ ಬೇಕು ಅನ್ನೋದೇ ಅದರ ಅಳತೆಗೋಲು. 15 ನಿಮಿಷದವರು ಗಟ್ಟಿಗರು, ಪಟ್ಟಿಯ ಕೊನೆ 50 ನಿಮಿಷ. ಚಾಮುಂಡಿ ಮೆಟ್ಟಿಲು ಆ ಅಳತೆಗೆ ಪೂರ್ತಿ ಒಪ್ಪೋದಿಲ್ಲ, ಆದರೆ ನೀವು ಯಾವ ತುದಿಯಲ್ಲಿದ್ದೀರಿ ಅಂತ ಗೊತ್ತಾಗಲು ಸಾಕು.

ಇನ್ನು ದಾರಿ ತಪ್ಪೋದು. ಹತ್ತುವಾಗ ದಾರಿ ತಪ್ಪಿದರೂ ಮೇಲಕ್ಕೆ ಹೋಗುತ್ತಾ ಇದ್ದರೆ ತುದಿ ಒಂದೇ, ಎಲ್ಲ ದಿಣ್ಣೆಗಳೂ ಅಲ್ಲೇ ಸೇರುತ್ತವೆ. ಇಳಿಯುವಾಗ ಅವೇ ದಿಣ್ಣೆಗಳು ಕವಲೊಡೆಯುತ್ತವೆ. ತುದಿಯ ಹತ್ತಿರ ಹತ್ತು ಹೆಜ್ಜೆ ಆಚೀಚೆ ಆದರೆ ಕೆಳಗೆ ಹೋಗುವ ಹೊತ್ತಿಗೆ ಬೇರೆ ಕಣಿವೆ. ಕುಮಾರ ಪರ್ವತದಂಥ ಜಾಗದಲ್ಲಿ ಬೇರೆ ಜಿಲ್ಲೆ! ಸ್ಕಾಟ್ಲೆಂಡಿನ ಬೆನ್ ನೆವಿಸ್, ನಮ್ಮ ಕೊಡಚಾದ್ರಿಗಿಂತ ಬರೀ 2 ಮೀಟರ್ ಎತ್ತರ, 1,345 ಮೀಟರ್. ಮಂಜು ಮುಚ್ಚಿದಾಗ ಅದರ ತುದಿಯಿಂದ ಇಳಿಯಲು ಕಂಪಾಸಿನ ಅಂಕಿಗಳನ್ನೇ ಗೊತ್ತುಮಾಡಿ ಇಟ್ಟಿದ್ದಾರೆ: 231 ಡಿಗ್ರಿಯಲ್ಲಿ 150 ಮೀಟರ್, ಆಮೇಲೆ 282 ಡಿಗ್ರಿಯಲ್ಲಿ 900 ಮೀಟರ್. ಒಂದು ಕಡೆ ತಪ್ಪಿದರೆ ಉತ್ತರದ ಪ್ರಪಾತ, ಇನ್ನೊಂದು ಕಡೆ ತಪ್ಪಿದರೆ ಫೈವ್ ಫಿಂಗರ್ ಗಲ್ಲಿ ಅನ್ನುವ ಕೊರಕಲು. ಇಳಿಜಾರು ತಾನಾಗಿ ಆ ಕೊರಕಲಿನ ಕಡೆಗೇ ಎಳೆಯುತ್ತದೆ, ಅಲ್ಲಿ ಸತ್ತವರಿದ್ದಾರೆ. ಮುಂಗಾರಿನಲ್ಲಿ ನಮ್ಮ ಹುಲ್ಲುಬೆಟ್ಟಗಳ ಮೇಲೂ ಇಂಥದ್ದೇ ಮಂಜು. ಅಂಕಿ ಬರೆದಿಟ್ಟವರು ಮಾತ್ರ ಯಾರೂ ಇಲ್ಲ. ಅದಕ್ಕೆ ಹತ್ತುವಾಗ ಪ್ರತಿ ಕವಲಿನಲ್ಲೂ ಒಂದು ಸಲ ಹಿಂದಿರುಗಿ ನೋಡಿ, ವಾಪಸ್ ಬರುವಾಗ ಕಾಣೋದು ಆ ನೋಟ.

ದಾರಿ ತಪ್ಪಿದರೆ ನೀರಿನ ಜಾಡು ಹಿಡಿದು ಇಳಿ, ಊರು ಸಿಗುತ್ತೆ ಅಂತ ಒಂದು ಮಾತಿದೆ. ಬಯಲುಸೀಮೆಯಲ್ಲಿ ಸರಿಯಿರಬಹುದು. ಪಶ್ಚಿಮ ಘಟ್ಟದಲ್ಲಿ ನೀರು ಹೋಗುವ ದಾರಿಯಲ್ಲಿ ಜಲಪಾತ ಇರುತ್ತದೆ. ಪಾಚಿ ಬಂಡೆಯ ಮೇಲೆ ಒಂದು ಆಳು ಎತ್ತರ ಜಾರಿ ಇಳಿದಿರಿ, ಮುಂದೆ ಇನ್ನೂ ದೊಡ್ಡದು, ಹಿಂದಕ್ಕೆ ಹತ್ತಲು ಆಗೋದಿಲ್ಲ. ಅಲ್ಲಿಗೆ ಮುಗಿಯಿತು. ತಪ್ಪಿದ್ದು ಗೊತ್ತಾದ ಕೂಡಲೇ ವಾಪಸ್ ಹತ್ತಿ, ಕೊನೆಯ ಸಲ ದಾರಿ ಕಂಡ ಜಾಗಕ್ಕೆ. ಇಷ್ಟು ಇಳಿದು ಮತ್ತೆ ಹತ್ತಬೇಕಾ ಅಂತ ಬೇಸರ ಆಗುತ್ತದೆ, ಆಗಲಿ.

ಬೆಂಗಳೂರಿನ ಹತ್ತಿರದ ಬೋಳುಬಂಡೆಗಳ ಕಷ್ಟ ಬೇರೆ. ಸಾವನದುರ್ಗವನ್ನು ನೋಡಿ, ಉಬ್ಬಿದ ಗುಂಡು ಬಂಡೆ. ಮೇಲಿನಿಂದ ನೋಡಿದರೆ ಇಪ್ಪತ್ತು ಮೂವತ್ತು ಹೆಜ್ಜೆ ಹಗೂರ ಇಳಿಜಾರು, ಅದರಾಚೆ ನೇರ ಕೆಳಗಿನ ಕೆರೆ ಕಾಣುತ್ತದೆ. ನಡುವಿನ ಭಾಗ ಕಣ್ಣಿಗೆ ಬೀಳೋದೇ ಇಲ್ಲ, ಬಂಡೆ ಅಲ್ಲಿ ಬಾಗಿ ಕಡಿದಾಗಿರುತ್ತದೆ. ಒಂದೊಂದು ಹೆಜ್ಜೆಗೂ ಸ್ವಲ್ಪ ಸ್ವಲ್ಪವೇ ಕಡಿದಾಗುವುದರಿಂದ ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗೋದಿಲ್ಲ. ಹತ್ತಿದ ಗುರುತು ಬಿಟ್ಟು ಅಡ್ಡದಾರಿ ಹುಡುಕುವ ಜಾಗ ಅದಲ್ಲ. ಮಳೆ ಬಿದ್ದರಂತೂ ಬಂಡೆಯ ಮೇಲೆ ಹರಿಯುವ ನೀರಿನ ಕಪ್ಪು ಪಟ್ಟಿಗೆ ಕಾಲಿಡಲೇಬೇಡಿ.

ಮಳೆಗಾಲದ ಹಳ್ಳಗಳ ಬಗ್ಗೆ ಒಂದೇ ಮಾತು. ಬೆಳಗ್ಗೆ ಪಾದ ಮುಳುಗುವಷ್ಟಿದ್ದ ಹಳ್ಳ ಸಂಜೆ ಸೊಂಟಕ್ಕೆ ಬಂದಿರಬಹುದು, ಮಳೆ ನೀವಿದ್ದ ಕಡೆ ಬಿದ್ದಿರಬೇಕು ಅಂತೇನಿಲ್ಲ. ಇಳಿಯುವವರಿಗೆ ಹಳ್ಳದಾಚೆಗೆ ಊಟ, ಬಸ್ಸು ಎಲ್ಲ ಇರುತ್ತದೆ. ಅದಕ್ಕೇ ಕಾಯುವ ಮನಸ್ಸು ಬರೋದಿಲ್ಲ.

ಕಾಲಿಡುವ ರೀತಿಯನ್ನು ಮಾತಲ್ಲಿ ಕಲಿಸಲು ಆಗೋದಿಲ್ಲ, ಆದರೂ ಹೇಳುತ್ತೇನೆ. ಹೆಜ್ಜೆ ಚಿಕ್ಕದಿರಲಿ, ಮೊಣಕಾಲು ಸ್ವಲ್ಪ ಬಾಗಿರಲಿ. ಹೆದರಿಕೆಗೆ ಎಲ್ಲರೂ ಹಿಂದಕ್ಕೆ ವಾಲುತ್ತಾರೆ. ವಾಲಿದಷ್ಟೂ ಪಾದ ಮುಂದಕ್ಕೆ ಜಾರುತ್ತದೆ. ಭಾರ ಪಾದದ ಮೇಲೆಯೇ ಇರಬೇಕು. ಜನವರಿಯ ಒಣಹುಲ್ಲು ಮಳೆಗಾಲದ ಕೆಸರಿನಷ್ಟೇ ಜಾರುತ್ತದೆ, ಗಟ್ಟಿ ನೆಲದ ಮೇಲಿನ ಜಲ್ಲಿಕಲ್ಲು ಇನ್ನೂ ಕೆಟ್ಟದ್ದು. ಇಳಿಯುವ ಮುಂಚೆ ಶೂ ಲೇಸನ್ನು ಪಾದದ ಮೇಲ್ಭಾಗದಲ್ಲಿ ಬಿಗಿಯಾಗಿ ಮತ್ತೆ ಕಟ್ಟಿ, ಇಲ್ಲದಿದ್ದರೆ ಬೆರಳು ಹೋಗಿ ಮುಂದೆ ಗುದ್ದಿ ಉಗುರು ಕಪ್ಪಾಗುತ್ತದೆ.

ಗುಂಪು ಒಡೆಯೋದೂ ಇಳಿಯುವಾಗಲೇ ಜಾಸ್ತಿ. ಮುಂದಿನವರು ಅರ್ಧ ಗಂಟೆ ಮುಂದೆ ಹೋಗಿ ಕೂರುತ್ತಾರೆ, ಹಿಂದಿನವರು ಸುಸ್ತಾಗಿ ಬಂದು ಸೇರಿದ ಕೂಡಲೇ "ಬಂದ್ರಾ, ಸರಿ ನಡೀರಿ" ಅಂತ ಎದ್ದುಬಿಡುತ್ತಾರೆ. ವಿಶ್ರಾಂತಿ ಬೇಕಾದವರಿಗೆ ಮಾತ್ರ ವಿಶ್ರಾಂತಿ ಇಲ್ಲ. ನಿಧಾನದವರನ್ನು ಎರಡನೆಯವರಾಗಿ ನಡೆಸಿ, ಕೊನೆಯಲ್ಲಿ ದಾರಿ ಗೊತ್ತಿರುವ ಒಬ್ಬರು ಇರಲಿ. ನಿಮ್ಮ ಲೆಕ್ಕವೂ ಅವರ ಕಾಲಿನ ಲೆಕ್ಕವೇ ಆಗಿರಬೇಕು.

ಈಗ ಪ್ರಶ್ನೆಗಳು.

ಸ್ಟಿಕ್ ಬೇಕಾ ಅಂತ ಒಬ್ಬರು ಕೇಳಿದರು. ಇಳಿಯಲು ಬೇಕು, ಎರಡಿದ್ದರೆ ಒಳ್ಳೆಯದು, ಮೊಣಕಾಲಿನ ಹೊರೆ ಸ್ವಲ್ಪ ಕೈಗೆ ಹೋಗುತ್ತದೆ. ಹತ್ತುವಾಗ ಇದ್ದದ್ದಕ್ಕಿಂತ ಉದ್ದ ಮಾಡಿಕೊಳ್ಳಿ. ಕೈ ಬಳಸಿ ಇಳಿಯಬೇಕಾದ ಬಂಡೆ ಬಂದರೆ ಮಡಚಿ ಬ್ಯಾಗಿಗೆ ಹಾಕಿ.

ಓಡಿ ಇಳಿದರೆ ಮೊಣಕಾಲಿಗೆ ಒಳ್ಳೆಯದಂತೆ, ನಿಜವಾ ಅಂತ ಇನ್ನೊಬ್ಬರು ಕೇಳಿದರು. ಬೆಟ್ಟದಲ್ಲಿ ಓಡುವವರು ಓಡುತ್ತಾರೆ, ಅವರು ಅದನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿರುತ್ತಾರೆ. ನಾವು ಓಡೋದು ಅಂದರೆ ಬ್ರೇಕ್ ಹಿಡಿಯಲು ಆಗದೆ ಹೋಗೋದು. ಬೆನ್ನ ಮೇಲೆ ಬ್ಯಾಗ್ ಬೇರೆ ಇರುತ್ತದೆ. ಬೇಡ.

ಮೊಬೈಲ್ ಆ್ಯಪ್ ಹೊತ್ತು ತೋರಿಸುತ್ತದಲ್ಲ, ಈ ಲೆಕ್ಕ ಎಲ್ಲ ಯಾಕೆ ಅಂತ ಕೊನೆಯ ಪ್ರಶ್ನೆ. ಆ್ಯಪ್ ಕೂಡ ಇಂಥದ್ದೇ ಯಾವುದೋ ಸೂತ್ರ ಹಾಕಿಯೇ ತೋರಿಸೋದು. ಅದಕ್ಕೆ ದಾರಿಯ ಕಲ್ಲು, ಬೇರು, ಇಂಬಳ ಕಿತ್ತುಹಾಕಲು ನಿಲ್ಲುವ ಹೊತ್ತು, ಇವು ಯಾವುವೂ ಗೊತ್ತಿಲ್ಲ. ಟೋಬ್ಲರ್ ಅವರೇ ದಾರಿಯಿಲ್ಲದ ಕಡೆ ವೇಗವನ್ನು ಐದರಲ್ಲಿ ಮೂರು ಪಾಲಿಗೆ ಇಳಿಸಿ ಅಂದಿದ್ದರು. ಆ್ಯಪ್ ನೋಡಿ, ತಪ್ಪೇನಿಲ್ಲ. ಆದರೆ ಹತ್ತುವಾಗ ಮೊದಲ ಒಂದೂವರೆ ಗಂಟೆಯಲ್ಲಿ ಅದು ಹೇಳಿದ್ದಕ್ಕೂ ನಿಮ್ಮ ಗಡಿಯಾರಕ್ಕೂ ಎಷ್ಟು ವ್ಯತ್ಯಾಸ ಬಂತು ನೋಡಿಕೊಳ್ಳಿ. ಒಂದೂವರೆ ಗಂಟೆಯದ್ದಕ್ಕೆ ನಿಮಗೆ ಎರಡು ಗಂಟೆ ಹಿಡಿದಿದ್ದರೆ, ಮುಂದಿನದ್ದೆಲ್ಲ ಅದೇ ಪ್ರಮಾಣದಲ್ಲಿ ಹಿಗ್ಗಿಸಿ, ಇಳಿಯುವ ಹೊತ್ತನ್ನೂ ಸೇರಿಸಿ. ಎಷ್ಟು ಹೊತ್ತಿಗೆ ವಾಪಸ್ ತಿರುಗಬೇಕು ಅನ್ನೋದನ್ನು ಅಲ್ಲೇ, ಕಾಲು ಗಟ್ಟಿಯಿದ್ದಾಗಲೇ ತೀರ್ಮಾನ ಮಾಡಿ ಗುಂಪಿನ ಎಲ್ಲರಿಗೂ ಹೇಳಿಬಿಡಿ. ಹೆಡ್ ಟಾರ್ಚ್ ತಲೆಗೊಂದರಂತೆ ಇರಲಿ, ಮೊಬೈಲ್ ಬೆಳಕನ್ನು ನಂಬಬೇಡಿ. ದಾರಿ ಹುಡುಕಲೂ ಅದೇ ಮೊಬೈಲ್ ಬೇಕು, ಯಾರನ್ನಾದರೂ ಕರೆಯಲೂ ಅದೇ ಬೇಕು.